ಮಾತ್ರೆಯ ಜೊತೆಗೆ ಅಕ್ಕಿ, ಬೇಳೆ: ಕ್ಷಯದ ಬಗ್ಗೆ ಮಂಗಳೂರಿನ ಸಂಶೋಧಕರು ತೋರಿಸಿಕೊಟ್ಟಿದ್ದೇನು?

ಛತ್ತೀಸಗಡದ ಬಿಲಾಸ್‌ಪುರ ಜಿಲ್ಲೆಯ ಗನಿಯಾರಿಯಲ್ಲಿ 'ಜನ ಸ್ವಾಸ್ಥ್ಯ ಸಹಯೋಗ' ಎಂಬ ಆಸ್ಪತ್ರೆ ಇದೆ. ದೆಹಲಿಯ ಏಮ್ಸ್‌ನಲ್ಲಿ ಓದಿದ ಕೆಲವು ವೈದ್ಯರು ಸೇರಿ ಕಟ್ಟಿದ್ದು. ಶ್ವಾಸಕೋಶದ ಕ್ಷಯಕ್ಕೆ ಚಿಕಿತ್ಸೆ ಕೇಳಿಕೊಂಡು ಅಲ್ಲಿಗೆ ಬಂದ 1,695 ವಯಸ್ಕರ ತೂಕ, ಎತ್ತರದ ಲೆಕ್ಕ 2013ರಲ್ಲಿ ಪ್ರಕಟವಾಯಿತು. ಗಂಡಸರ ಮಧ್ಯಾಂಕ ತೂಕ 42.1 ಕೆಜಿ, ಹೆಂಗಸರದ್ದು 34.1 ಕೆಜಿ. ಮಧ್ಯಾಂಕ ಅಂದರೆ ಅರ್ಧದಷ್ಟು ಜನ ಇದಕ್ಕಿಂತಲೂ ಕಡಿಮೆ ತೂಗುತ್ತಿದ್ದರು. ಚೆನ್ನಾಗಿ ಉಂಡು ಬೆಳೆದ ಹತ್ತು–ಹನ್ನೊಂದು ವರ್ಷದ ಹುಡುಗಿಯ ತೂಕದಷ್ಟು ಇರುವ ತಾಯಂದಿರು ಆ ಸಾಲಿನಲ್ಲಿದ್ದರು.

ಆ ಅಧ್ಯಯನದ ಮುಂಚೂಣಿಯಲ್ಲಿದ್ದವರು ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಆಮೇಲೆ ಇಬ್ಬರೂ ಮಂಗಳೂರಿನ ದೇರಳಕಟ್ಟೆಯ ಯೆನೆಪೋಯ ವೈದ್ಯಕೀಯ ಕಾಲೇಜಿಗೆ ಬಂದರು. ಅನುರಾಗ್ ಮೆಡಿಸಿನ್ ವಿಭಾಗ, ಮಾಧವಿ ಸಮುದಾಯ ವೈದ್ಯಶಾಸ್ತ್ರ. ಕ್ಷಯ ಬಂದದ್ದರಿಂದ ಗನಿಯಾರಿಯ ರೋಗಿಗಳು ಹೀಗೆ ಬಡಕಲಾದರೋ, ಬಡಕಲಾಗಿದ್ದರಿಂದಲೇ ಕ್ಷಯ ಬಂತೋ ಎಂಬ ಪ್ರಶ್ನೆ ಅವರ ಬೆನ್ನು ಬಿಡಲಿಲ್ಲ. ಎರಡೂ ನಿಜವೆಂದು ಯಾವ ವೈದ್ಯರಾದರೂ ಹೇಳುತ್ತಾರೆ. ಆದರೆ ಎರಡನೆಯದು ನಿಜವಾದರೆ ಅದರ ಹಿಂದೆಯೇ ಸರ್ಕಾರಕ್ಕೆ ತೊಡಕಾಗುವ ಇನ್ನೊಂದು ಮಾತು ಬರುತ್ತದೆ. ಕ್ಷಯ ಇರುವ ಮನೆಯ ಉಳಿದವರಿಗೆ ಹೊಟ್ಟೆ ತುಂಬ ಊಟ ಸಿಕ್ಕರೆ ಅವರಿಗೆ ರೋಗ ಬರುವುದು ತಪ್ಪಬೇಕಲ್ಲ?

ಇಷ್ಟು ಸರಳವಾದ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಲು 2019ರವರೆಗೆ ಕಾಯಬೇಕಾಯಿತು. ಯಾಕೆ ಎಂದು ತಿಳಿಯಬೇಕಾದರೆ ಮದ್ರಾಸಿಗೆ ಹೋಗಬೇಕು.

1956ರಲ್ಲಿ ಅಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಶುರುವಾಯಿತು. ವಾಲೇಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯರ ನೇತೃತ್ವ. ಆಗ ಕ್ಷಯ ಎಂದರೆ ಸ್ಯಾನಿಟೋರಿಯಂ: ತಿಂಗಳುಗಟ್ಟಲೆ ಹಾಸಿಗೆ, ಗಾಳಿ–ಬೆಳಕು, ಹಾಲು–ಮೊಟ್ಟೆ. ಲಕ್ಷಾಂತರ ರೋಗಿಗಳಿರುವ ದೇಶದಲ್ಲಿ ಅಷ್ಟು ಹಾಸಿಗೆ ಎಲ್ಲಿಂದ ತರುವುದು? ಅದಕ್ಕೇ ನಗರದ ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಯಾನಿಟೋರಿಯಂನಲ್ಲಿ, ಇನ್ನೊಂದಕ್ಕೆ ಅವರವರ ಮನೆಯಲ್ಲೇ ಅದೇ ಔಷಧ ಕೊಟ್ಟರು. ಮನೆಯಲ್ಲಿದ್ದವರು ಉಂಡದ್ದು ಕಡಿಮೆ, ದುಡಿದದ್ದು ಹೆಚ್ಚು. ಆದರೂ ವರ್ಷದ ಕೊನೆಗೆ ಕಫದಲ್ಲಿ ರೋಗಾಣು ಮಾಯವಾದ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. 1959ರಲ್ಲಿ ಫಲಿತಾಂಶ ಹೊರಬಿದ್ದಾಗ ಜಗತ್ತಿನ ಕ್ಷಯ ಚಿಕಿತ್ಸೆಯ ದಿಕ್ಕೇ ಬದಲಾಯಿತು. ರೋಗಿಯನ್ನು ಮನೆಯಿಂದ ಹೊರಹಾಕಬೇಕಿಲ್ಲ ಎಂದು ತೋರಿಸಿಕೊಟ್ಟ ಈ ಅಧ್ಯಯನದ ಉಪಕಾರ ದೊಡ್ಡದು.

ಆದರೆ ಅದರ ಬಾಲಕ್ಕೆ ಇನ್ನೊಂದು ತೀರ್ಮಾನವೂ ಅಂಟಿಕೊಂಡಿತು: ಔಷಧ ಸರಿಯಾಗಿ ತೆಗೆದುಕೊಂಡರೆ ಊಟ ಹೇಗಿದ್ದರೂ ನಡೆಯುತ್ತದೆ. ಅಧ್ಯಯನ ಮುಖ್ಯವಾಗಿ ಅಳೆದದ್ದು ರೋಗಾಣು ಹೋಯಿತೇ ಎಂಬುದನ್ನು. ರೋಗಿಯ ಮೈಗೆ ಕಸುವು ಮರಳಿತೇ, ಕೂಲಿಗೆ ಹೋಗುವಷ್ಟಾದನೇ ಎಂಬುದು ಹಿಂದೆ ಉಳಿಯಿತು. ಮನೆಯವರಿಗೆ ಊಟ ಕೊಟ್ಟು ರೋಗ ತಡೆಯಬಹುದೇ ಎಂಬ ಪ್ರಶ್ನೆ ಅಲ್ಲಿ ಇರಲೇ ಇಲ್ಲ. ಕೇಳದ ಪ್ರಶ್ನೆಗೂ ಉತ್ತರ ಸಿಕ್ಕಿಬಿಟ್ಟಿದೆ ಎಂಬಂತೆ ಕಾರ್ಯಕ್ರಮ ಮುಂದಕ್ಕೆ ನಡೆಯಿತು. ಔಷಧ, ಕಫ ಪರೀಕ್ಷೆ, ಎದುರಿಗೇ ಮಾತ್ರೆ ನುಂಗಿಸುವ ಡಾಟ್ಸ್ ಎಲ್ಲ ಬಂದವು, ಬರಬೇಕಾದ್ದೇ. ಊಟ ಮಾತ್ರ 'ಚೆನ್ನಾಗಿ ತಿನ್ನಿ, ಮೊಟ್ಟೆ–ಹಾಲು ತೊಗೊಳ್ಳಿ' ಎಂಬ ಸಲಹೆಯಾಗಿ ಉಳಿಯಿತು. ಮೊಟ್ಟೆ ಕೊಳ್ಳಲು ದುಡ್ಡಿಲ್ಲದವರಿಗೆ ಈ ಸಲಹೆ ಕೊಡುವಾಗ ಕೊಡುವವರಿಗೂ ಮುಜುಗರ ಆಗಿರಬೇಕು.

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1959ರ ಸೆಪ್ಟೆಂಬರ್‌ನಲ್ಲಿ ನೆಹರೂ ಉದ್ಘಾಟಿಸಿದರು. ದೇಶದ ಮೊದಲ ಕ್ಷಯ ಕಾರ್ಯಕ್ರಮದ ರೂಪುರೇಷೆ ಸಿದ್ಧವಾದದ್ದು ಅಲ್ಲಿ. ತುಮಕೂರು ಜಿಲ್ಲೆಯಲ್ಲಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಮಾಡಿದ ಅಧ್ಯಯನ 1963ರಲ್ಲಿ ಬಂತು. ಹಳ್ಳಿಗರಿಗೆ ರೋಗದ ಅರಿವಿಲ್ಲ ಎಂಬ ಪಟ್ಟಣದವರ ನಂಬಿಕೆಯನ್ನು ಅದು ತಲೆಕೆಳಗು ಮಾಡಿತು. ಕ್ಷಯ ಇದ್ದವರಲ್ಲಿ ಅರ್ಧದಷ್ಟು ಜನ ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರ ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ.

ಅದೇ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಬಿಡದೆ ಹಿಂಬಾಲಿಸಿತು. ಹೆಚ್ಚುಕಡಿಮೆ ಚಿಕಿತ್ಸೆಯೇ ಇಲ್ಲದ ಆ ಕಾಲದಲ್ಲಿ, ಕಫದಲ್ಲಿ ರೋಗಾಣು ಕಂಡವರ ಪೈಕಿ ಐದು ವರ್ಷದಲ್ಲಿ ಶೇ 49ರಷ್ಟು ಜನ ತೀರಿಕೊಂಡರು. ಶೇ 18ರಷ್ಟು ಜನ ರೋಗಾಣು ಉಗುಳುತ್ತಲೇ ಉಳಿದರು. ಮೂರನೇ ಒಂದು ಪಾಲಿನಷ್ಟು ಜನ, ಶೇ 32, ತಾವಾಗಿಯೇ ವಾಸಿಯಾದರು. ರೋಗಾಣುವನ್ನು ಒಳಗೇ ಕಟ್ಟಿಹಾಕುವ ಶಕ್ತಿ ಕೆಲವು ಮೈಗಳಿಗೆ ಇರುತ್ತದೆ ಎಂಬುದಕ್ಕೆ ನಮ್ಮದೇ ನೆಲದ ಪುರಾವೆ ಇದು.

ರೋಗಾಣು ಹೊಕ್ಕವರೆಲ್ಲ ರೋಗಿಗಳಾಗುವುದಿಲ್ಲ. ಇಡೀ ವಿಷಯದ ಕೀಲಿ ಇಲ್ಲಿದೆ. 2019–21ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 15 ವರ್ಷ ಮೀರಿದ ಭಾರತೀಯರಲ್ಲಿ ಸುಮಾರು ಶೇ 31ರಷ್ಟು ಜನರ ಮೈಯಲ್ಲಿ ಕ್ಷಯದ ಸೋಂಕಿದೆ. ಆದರೆ ಶ್ವಾಸಕೋಶದ ಕ್ಷಯ ಪರೀಕ್ಷೆಯಲ್ಲಿ ಖಚಿತವಾದದ್ದು ಒಂದು ಲಕ್ಷ ಜನರಲ್ಲಿ 316 ಮಂದಿಗೆ. ಉಳಿದವರಲ್ಲಿ ಅದು ಸುಮ್ಮನೆ ಬಿದ್ದಿದೆ. ಕಾವಲು ಕಾಯುವ ರೋಗನಿರೋಧಕ ಕೋಶಗಳು ಸೊರಗಿದಾಗ ಏಳುತ್ತದೆ. ಎಚ್‌ಐವಿ, ಸಕ್ಕರೆ ಕಾಯಿಲೆ, ಸಿಗರೇಟು, ಹೆಂಡ ಎಲ್ಲವೂ ಈ ಕಾವಲನ್ನು ಸಡಿಲಿಸುತ್ತವೆ. ಆದರೆ ಭಾರತದ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಕಾರಣ ಅಪೌಷ್ಟಿಕತೆ. ದೇಹದ ತೂಕ–ಎತ್ತರದ ಸೂಚ್ಯಂಕವಾದ ಬಿಎಂಐ ಒಂದು ಅಂಕ ಇಳಿದರೆ ಕ್ಷಯದ ಸಾಧ್ಯತೆ ಸುಮಾರು ಶೇ 14ರಷ್ಟು ಏರುತ್ತದೆ ಎಂದು ಹಲವು ದೇಶಗಳ ಅಂಕಿ–ಅಂಶಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ.

ಹಳೆಯ ಸುಳಿವುಗಳೂ ಇದ್ದವು. ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಸೆರೆ ಶಿಬಿರದಲ್ಲಿ ರೆಡ್‌ಕ್ರಾಸ್‌ನ ಆಹಾರದ ಪೊಟ್ಟಣ ಸಿಗುತ್ತಿದ್ದ ಬ್ರಿಟಿಷ್ ಕೈದಿಗಳಲ್ಲಿ ಕ್ಷಯ ಶೇ 1.2, ಪೊಟ್ಟಣ ಸಿಗದ ರಷ್ಯನ್ ಕೈದಿಗಳಲ್ಲಿ ಶೇ 15ರಿಂದ 19. ಇಂಗ್ಲೆಂಡಿನ ಕೇಂಬ್ರಿಡ್ಜ್ ಬಳಿಯ ಪ್ಯಾಪ್‌ವರ್ತ್‌ನಲ್ಲಿ ಕ್ಷಯರೋಗಿಗಳಿಗೆ ಮನೆ, ಕೆಲಸ, ಸಂಬಳ ಕೊಟ್ಟು ಕುಟುಂಬದ ಜೊತೆ ನೆಲೆಗೊಳಿಸಿದ್ದರು. ಅಲ್ಲಿ ಹುಟ್ಟಿದ ಮಕ್ಕಳಿಗೆ ಸೋಂಕು ತಗಲಿತಾದರೂ ರೋಗ ಏಳುವುದು ಬಹಳ ಕಡಿಮೆಯಾಯಿತು. ಈ ಹಳೆಯ ದಾಖಲೆಗಳನ್ನು ಮತ್ತೆ ಕೆದಕಿ 2012ರಲ್ಲಿ ಬರೆದವರೂ ಭಾರ್ಗವ ದಂಪತಿ ಮತ್ತು ಅವರ ಜೊತೆಗಾರರೇ.

ಆದರೆ ಸುಳಿವು ಬೇರೆ, ಪುರಾವೆ ಬೇರೆ. ಸೆರೆ ಶಿಬಿರದ ಎರಡು ಗುಂಪುಗಳ ನಡುವೆ ಊಟವೊಂದೇ ಅಲ್ಲದೆ ಇನ್ನೆಷ್ಟೋ ವ್ಯತ್ಯಾಸ ಇದ್ದಿರಬಹುದು. ಅದಕ್ಕೇ ಭಾರ್ಗವ ದಂಪತಿ ಮತ್ತು ಜೊತೆಗಾರರು ಕೈಗೊಂಡದ್ದು 'ರೇಷನ್ಸ್' ಎಂಬ ಪ್ರಯೋಗ.

ಜಾರ್ಖಂಡ್‌ನ ನಾಲ್ಕು ಜಿಲ್ಲೆ, 28 ಕ್ಷಯ ಘಟಕ, 2,800 ರೋಗಿಗಳು, ಅವರ ಮನೆಗಳ 10,345 ಜನ. ಮೂರನೇ ಎರಡು ಪಾಲಿನಷ್ಟು ಮಂದಿ ಸಂತಾಲ, ಹೋ, ಮುಂಡಾ, ಒರಾವ್‌ನಂಥ ಆದಿವಾಸಿ ಸಮುದಾಯದವರು. ಮನೆಯವರಲ್ಲಿ ಮೂವರಿಗೊಬ್ಬರಂತೆ ಅಪೌಷ್ಟಿಕತೆ. 2019ರ ಆಗಸ್ಟ್‌ನಲ್ಲಿ ಶುರುವಾಗಿ, ಕೋವಿಡ್ ಲಾಕ್‌ಡೌನನ್ನೂ ದಾಟಿ, 2022ರ ಜುಲೈವರೆಗೆ ನಡೆಯಿತು. ಹಣ ಕೊಟ್ಟದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ.

ಪ್ರಯೋಗದಲ್ಲಿ ಹಂಚಿದ ಆಹಾರದ ಚೀಲದಲ್ಲಿ ಏನಿತ್ತು ಎಂದು ನೋಡುವುದು ಮುಖ್ಯ, ಯಾಕೆಂದರೆ ಇಲ್ಲಿ ಅದೇ ಔಷಧ. ರೋಗಿಗೆ ತಿಂಗಳಿಗೆ ಐದು ಕೆಜಿ ಅಕ್ಕಿ, ಮೂರು ಕೆಜಿ ಹುರಿಗಡಲೆ ಹಿಟ್ಟು, ಒಂದೂವರೆ ಕೆಜಿ ಹಾಲಿನ ಪುಡಿ, ಅರ್ಧ ಲೀಟರ್ ಎಣ್ಣೆ, ಜೊತೆಗೆ ವಿಟಮಿನ್ ಮಾತ್ರೆ. ದಿನಕ್ಕೆ 1,200 ಕ್ಯಾಲೊರಿ, 52 ಗ್ರಾಂ ಪ್ರೊಟೀನ್ ಲೆಕ್ಕ. ಇದನ್ನು ಎರಡೂ ಗುಂಪಿನ ರೋಗಿಗಳಿಗೆ ಕೊಟ್ಟರು. ಎಲುಬು ಕಾಣುವ ರೋಗಿಗೆ ಪ್ರಯೋಗದ ಹೆಸರಿನಲ್ಲಿ ಊಟ ಕೊಡದೆ ಕೂರುವುದು ಸರಿಯಲ್ಲವಲ್ಲ. ವ್ಯತ್ಯಾಸ ಇಟ್ಟದ್ದು ಮನೆಯವರ ವಿಷಯದಲ್ಲಿ. ಒಂದು ಗುಂಪಿನ ಮನೆಗಳಲ್ಲಿ ತಲೆಗೆ ಐದು ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ವಿಟಮಿನ್ ಮಾತ್ರೆಯನ್ನು ಆರು ತಿಂಗಳು ಕೊಟ್ಟರು. ರೋಗಿಯದು ಔಷಧಕ್ಕೆ ಜಗ್ಗದ ಕ್ಷಯವಾದರೆ ಹನ್ನೆರಡು ತಿಂಗಳು. ಇನ್ನೊಂದು ಗುಂಪಿನ ಮನೆಯವರಿಗೆ ಈ ಚೀಲ ಇರಲಿಲ್ಲ. ಮನೆಯವರಿಗೂ ಕೊಡುವುದರಲ್ಲಿ ಇನ್ನೊಂದು ಜಾಣತನವಿದೆ: ಮಕ್ಕಳು ಹಸಿದಿರುವಾಗ ತನ್ನ ಪಾಲಿನ ಹಾಲಿನ ಪುಡಿಯನ್ನು ತಾನೊಬ್ಬಳೇ ಕುಡಿಯುವ ತಾಯಿ ಎಲ್ಲೂ ಸಿಗುವುದಿಲ್ಲ.

ಫಲಿತಾಂಶ 2023ರ ಆಗಸ್ಟ್‌ನಲ್ಲಿ 'ಲ್ಯಾನ್ಸೆಟ್' ಮತ್ತು 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಗಳಲ್ಲಿ ಬಂತು. ಒಟ್ಟು 218 ಜನರಿಗೆ ಹೊಸದಾಗಿ ಕ್ಷಯ ಬಂದಿತ್ತು. ಚೀಲ ಸಿಕ್ಕ ಮನೆಗಳ 5,621 ಜನರಲ್ಲಿ 96. ಸಿಗದ ಮನೆಗಳ ಸುಮಾರು 4,700 ಜನರಲ್ಲಿ 122. ಗುಂಪುಗಳ ನಡುವಿನ ಇತರ ವ್ಯತ್ಯಾಸಗಳನ್ನು ಸರಿದೂಗಿಸಿ ನೋಡಿದಾಗ ಎಲ್ಲ ಬಗೆಯ ಕ್ಷಯದಲ್ಲಿ ಶೇ 39ರಷ್ಟು ಇಳಿಕೆ. ಇತರರಿಗೆ ಹರಡುವ, ಪರೀಕ್ಷೆಯಲ್ಲಿ ಖಚಿತವಾದ ಶ್ವಾಸಕೋಶದ ಕ್ಷಯದಲ್ಲಿ ಶೇ 48ರಷ್ಟು. ಲಸಿಕೆಯೊಂದು ಇಷ್ಟು ಮಾಡಿದ್ದರೆ ಟಿವಿಗಳಲ್ಲಿ ಎರಡು ದಿನ ಅದೇ ಸುದ್ದಿ ಓಡುತ್ತಿತ್ತು.

ರೋಗಿಗಳ ಕಡೆ ಕಂಡದ್ದು ನನಗೆ ಇನ್ನೂ ಹತ್ತಿರದ್ದು ಅನಿಸುತ್ತದೆ. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು. ಐದು ಅಡಿ ನಾಲ್ಕಿಂಚಿನ, 42 ಕೆಜಿ ತೂಗುವ ಗಂಡಸನ್ನು ನೆನೆಸಿಕೊಳ್ಳಿ. ಅವನ ಬಿಎಂಐ 16ರ ಆಸುಪಾಸು. ಮಾಮೂಲಿ ಎನಿಸಿಕೊಳ್ಳಲು ಬೇಕಾದ 18.5ಕ್ಕೆ ಏರಬೇಕಾದರೆ ಇನ್ನೂ ಸುಮಾರು ಏಳು ಕೆಜಿ ಬೇಕು. ಆದರೆ ಶೇ 5 ಅಂದರೆ ಎರಡು ಕೆಜಿ ಚಿಲ್ಲರೆ ಅಷ್ಟೇ. ಬದುಕು–ಸಾವಿನ ಅಂತರ ಆ ಎರಡು ಕೆಜಿಯಲ್ಲಿ ಇರಬಹುದಾದರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲೆಯಲ್ಲಿ ಕೂತ ತೂಕದ ಯಂತ್ರಕ್ಕೆ ಕಫ ಪರೀಕ್ಷೆಯ ಯಂತ್ರದಷ್ಟೇ ಬೆಲೆ ಬರಬೇಕು. ಪ್ರಯೋಗಕ್ಕೆ ಸೇರುವಾಗ ಎಂದಿನಂತೆ ಕೆಲಸ ಮಾಡಬಲ್ಲವರು ನೂರಕ್ಕೆ ಮೂವರು; ಚಿಕಿತ್ಸೆ ಮುಗಿದಾಗ ನಾಲ್ವರಲ್ಲಿ ಮೂವರು.

ಈಗ ಅನುಮಾನಗಳಿಗೆ ಬರೋಣ. ರೋಗಿಗಳೆಲ್ಲರಿಗೂ ಊಟ ಕೊಟ್ಟಿದ್ದರಿಂದ, ತೂಕ ಏರಿದ್ದಕ್ಕೇ ಸಾವು ತಪ್ಪಿತೇ ಅಥವಾ ಬದುಕುವ ಹಾದಿಯಲ್ಲಿದ್ದವರ ತೂಕ ಏರಿತೇ ಎಂದು ಈ ಪ್ರಯೋಗದಿಂದ ಖಡಾಖಂಡಿತ ಹೇಳಲಾಗದು. ಮನೆಯವರ ವಿಷಯದಲ್ಲಿ ಹೋಲಿಕೆ ಗಟ್ಟಿಯಾಗಿದೆ, ಆದರೆ ಶೇ 39 ಎಂಬುದು ಅಂದಾಜಿನ ನಡುಬಿಂದು. ನಿಜವಾದ ಇಳಿಕೆ ಶೇ 15ರಿಂದ ಶೇ 57ರ ನಡುವೆ ಎಲ್ಲಾದರೂ ಇರಬಹುದು. ಯಾರಿಗೆ ಚೀಲ ಹೋಗುತ್ತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಕ್ಕಿಯನ್ನು ಮುಚ್ಚಿಟ್ಟು ಕೊಡಲು ಆಗುವುದಿಲ್ಲ. ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರ ತಲೆಗೆ ಐದು ಕೆಜಿ ಹೆಚ್ಚುವರಿ ಧಾನ್ಯ ಕೊಟ್ಟಾಗ ಅದು ಎರಡೂ ಗುಂಪಿನ ಪಡಿತರದಾರರಿಗೆ ತಲುಪಿತು. ಅಂದರೆ ಎರಡರ ನಡುವಿನ ಅಂತರ ತುಸು ಕಿರಿದಾಗಿಯೇ ಕಂಡಿರಬೇಕು, ಹಿರಿದಾಗಿ ಅಲ್ಲ.

ಖರ್ಚಿನ ಪ್ರಶ್ನೆ ಬೇರೆ. 2019ರ ದರದಲ್ಲಿ ರೋಗಿಯ ಚೀಲಕ್ಕೆ ತಿಂಗಳಿಗೆ 1,100 ರೂಪಾಯಿ, ಮನೆಯವರಿಗೆ ತಲೆಗೆ 325 ರೂಪಾಯಿ ಬಿದ್ದಿತ್ತು. ಮೇಲಿನ ಅಂಕಿಗಳನ್ನೇ ಹಿಡಿದು ಸರಳವಾಗಿ ಲೆಕ್ಕ ಹಾಕಿದರೆ, ಒಬ್ಬರಿಗೆ ಕ್ಷಯ ಬರುವುದನ್ನು ತಪ್ಪಿಸಲು ಸುಮಾರು 115 ಜನರಿಗೆ ಆರು ತಿಂಗಳು ಉಣಿಸಬೇಕು. ಎರಡೂಕಾಲು ಲಕ್ಷ ರೂಪಾಯಿಯ ಬಾಬತ್ತು. ಊಟ ಅಗ್ಗದ ಔಷಧ ಎಂದು ಬರೆಯುವವರು ಈ ಲೆಕ್ಕವನ್ನು ಬಚ್ಚಿಡಬಾರದು. ಆದರೆ ಈ ಹಣದಲ್ಲಿ ಆದದ್ದು ಒಂದು ಕ್ಷಯದ ತಡೆ ಮಾತ್ರವಲ್ಲ. ಮನೆಯ ದುಡಿಯುವ ಕೈ ಮಲಗಿರುವ ಹೊತ್ತಿನಲ್ಲಿ 115 ಜನ ಆರು ತಿಂಗಳು ಉಂಡಿದ್ದಾರೆ. ಮಾತ್ರೆಯ ಖರ್ಚಿಗೆ ಈ ಬಗೆಯ ಉಪಲಾಭ ಇರುವುದಿಲ್ಲ. ಮನೆಯವರಿಗೆ ಮುಂಜಾಗ್ರತೆಯ ಮಾತ್ರೆ ಕೊಡುವ ಕ್ರಮ ಈಗಲೂ ಇದೆ, ಇರಲೂಬೇಕು. ಆದರೆ 'ನನಗೇನೂ ಆಗಿಲ್ಲವಲ್ಲ, ನಾನ್ಯಾಕೆ ಮಾತ್ರೆ ನುಂಗಲಿ' ಎನ್ನುವವರನ್ನು ಒಪ್ಪಿಸಲು ಆಶಾ ಕಾರ್ಯಕರ್ತೆಯರು ಪಡುವ ಪಾಡು ಅವರಿಗೇ ಗೊತ್ತು. ಬೇಳೆ ಬೇಡ ಎನ್ನುವವರು ಅಪರೂಪ.

ಸರ್ಕಾರ ಏನು ಮಾಡಿದೆ? ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. 2018ರ ಏಪ್ರಿಲ್‌ನಿಂದ ನಿಕ್ಷಯ್ ಪೋಷಣ್ ಯೋಜನೆಯಡಿ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ, ಮೂರು ಸಾವಿರದ ಎರಡು ಕಂತು. ಬಿಎಂಐ 18.5ಕ್ಕಿಂತ ಕಡಿಮೆ ಇದ್ದವರಿಗೆ ಮೊದಲ ಎರಡು ತಿಂಗಳು ವಿಶೇಷ ಪೌಷ್ಟಿಕ ಆಹಾರ ಕೊಡುವ ತೀರ್ಮಾನವೂ ಅದೇ ಹೊತ್ತಿಗೆ ಆಯಿತು. ಈ ಬದಲಾವಣೆಗಳ ಹಿಂದೆ ಜಾರ್ಖಂಡ್‌ನ ಫಲಿತಾಂಶದ ನೆರಳು ಕಾಣುತ್ತದೆ. ಆದರೆ 2024ರ ಸಾವಿರ ರೂಪಾಯಿ 2019ರ ಚೀಲದ ಬೆಲೆಗೂ ಸಮವಿಲ್ಲ. ಕಂತು ಬರುವುದು ತಡವಾದರೆ, ಸಾವಿನ ಅಪಾಯ ಅತಿ ಹೆಚ್ಚಿರುವ ಮೊದಲ ವಾರಗಳು ಹಾಗೇ ಕಳೆದುಹೋಗುತ್ತವೆ. ಆಧಾರ್ ಜೋಡಣೆ ಸರಿಯಿಲ್ಲ, ಖಾತೆ ನಿಷ್ಕ್ರಿಯ ಎಂಬ ಮಾತುಗಳಿಗೆ ನಾವೆಲ್ಲ ಎಷ್ಟು ಒಗ್ಗಿಹೋಗಿದ್ದೇವೆಂದರೆ, ಅವನ್ನು ಸಾವಿನ ಕಾರಣಗಳ ಪಟ್ಟಿಯಲ್ಲಿ ಯಾರೂ ಹುಡುಕುವುದಿಲ್ಲ.

ನನ್ನ ತಕರಾರು ಇರುವುದು ಮನೆಯವರ ವಿಷಯದಲ್ಲಿ. ಪ್ರಯೋಗ ತೋರಿಸಿದ್ದು ಮುಖ್ಯವಾಗಿ ಮನೆಯವರಿಗೆ ಊಟ ಕೊಟ್ಟರೆ ರೋಗ ತಪ್ಪುತ್ತದೆ ಎಂದು. ಸರ್ಕಾರ ಆ ಭಾಗವನ್ನು ಒಪ್ಪಿಸಿರುವುದು 'ನಿಕ್ಷಯ ಮಿತ್ರ'ರಿಗೆ. 2022ರ ಸೆಪ್ಟೆಂಬರ್‌ನಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಕಂಪನಿ, ಸಂಘ–ಸಂಸ್ಥೆ, ಜನಪ್ರತಿನಿಧಿ, ಯಾರಾದರೂ ರೋಗಿಯನ್ನು ದತ್ತು ತೆಗೆದುಕೊಂಡು ಆಹಾರದ ಕಿಟ್ ಕೊಡಬಹುದು. 2024ರಲ್ಲಿ ಮನೆಯವರನ್ನೂ ಸೇರಿಸಿದರು. ಕೊಡುವವರ ಮನಸ್ಸು ದೊಡ್ಡದು, ಸಂಶಯವಿಲ್ಲ. ಆದರೆ ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್ ಮಾತ್ರೆಯನ್ನು ದಾನಿಗಳ ಮರ್ಜಿಗೆ ಬಿಡುತ್ತೇವೆಯೇ? ದಾನಿ ಮೂರು ತಿಂಗಳಿಗೆ ಕೈಬಿಟ್ಟರೆ ಉಳಿದ ಮೂರು ತಿಂಗಳು ಯಾರು? ದೊಡ್ಡ ಕಾರ್ಖಾನೆಗಳಿರುವ ಜಿಲ್ಲೆಗೆ ಮಿತ್ರರು ಸಾಲುಗಟ್ಟಿ ಸಿಗಬಹುದು, ಹಸಿವು ಹೆಚ್ಚಿರುವ ಜಿಲ್ಲೆಗೆ ಸಿಗುವುದೇ ಕಷ್ಟ. ಕಿಟ್ ಹಂಚುವಾಗ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುವ ಚಾಳಿಯ ಬಗ್ಗೆ ಹೇಳುವುದೇ ಬೇಡ. ಕ್ಷಯ ಬಂದ ಮನೆಯ ಹೆಣ್ಣುಮಗಳಿಗೆ ಗಂಡು ಸಿಗುವುದು ಇವತ್ತಿಗೂ ಕಷ್ಟ ಎಂದು ಗೊತ್ತಿದ್ದೂ ಇದು ನಡೆಯುತ್ತದೆ.

ಕರ್ನಾಟಕದ ಮಟ್ಟಿಗೆ ಇನ್ನೊಂದು ದಾರಿ ಕಣ್ಣೆದುರಿಗೇ ಇದೆ: ನ್ಯಾಯಬೆಲೆ ಅಂಗಡಿ. ಕೇಂದ್ರದ ಆಹಾರ ಭದ್ರತಾ ಕಾಯ್ದೆಯಡಿ ತಲೆಗೆ ಐದು ಕೆಜಿ, ಅನ್ನಭಾಗ್ಯದಲ್ಲಿ ರಾಜ್ಯದ್ದು ಇನ್ನೈದು. ಸ್ವಲ್ಪ ಕಾಲ ಅದರ ಬದಲು 170 ರೂಪಾಯಿ ನಗದು ಬಂತು, 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸಂಪುಟ ಹೆಚ್ಚುವರಿ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಇಂದಿರಾ ಕಿಟ್‌ಗೆ ಒಪ್ಪಿಗೆ ಕೊಟ್ಟಿತು. ಅಕ್ಕಿಯೋ ಬೇಳೆಯೋ ಎಂಬ ಈ ಚರ್ಚೆ ರಾಜಕೀಯದ ಮಾತಾಗಿ ಮುಗಿಯಿತು. ಕ್ಷಯದ ಕಣ್ಣಿನಿಂದ ನೋಡಿದವರು ಕಡಿಮೆ. ಜಾರ್ಖಂಡ್‌ನ ಚೀಲದಲ್ಲಿ ಎರಡೂ ಇದ್ದವು, ಅದೂ ಮಾಮೂಲಿ ಪಡಿತರದ ಮೇಲೆ. ಬಡವರ ತಟ್ಟೆಯಲ್ಲಿ ಅನ್ನ ಇದೆ, ಸಾರಿನಲ್ಲಿ ಬೇಳೆ ಹುಡುಕಬೇಕು ಎಂಬ ಸ್ಥಿತಿಯಲ್ಲಿ ಪ್ರೊಟೀನ್ ಎಲ್ಲಿಂದ ಬರಬೇಕು? ಇಡೀ ರಾಜ್ಯಕ್ಕೆ ಎರಡನ್ನೂ ಕೊಡುವುದು ಬೊಕ್ಕಸಕ್ಕೆ ಭಾರ ಎನ್ನುವುದಾದರೆ, ಕ್ಷಯ ಪತ್ತೆಯಾದ ಮನೆಗಳಿಗಾದರೂ ಆರು ತಿಂಗಳು ಕೊಡಬಹುದು. ಆ ಮನೆಗಳ ಸಂಖ್ಯೆ ಪಡಿತರ ಚೀಟಿಗಳ ಒಟ್ಟು ಸಂಖ್ಯೆಯ ಎದುರು ತೀರಾ ಸಣ್ಣದು.

ಊಟವೊಂದೇ ಸಾಕು ಎಂದು ಯಾರೂ ಹೇಳುತ್ತಿಲ್ಲ. ಮೈಸೂರಿನ ಪಿಕೆ (ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ) ಸ್ಯಾನಿಟೋರಿಯಂ ಯಾರ ನೆನಪಿನದು ಎಂದು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು, ಅವರ ಹೆಣ್ಣುಮಕ್ಕಳೂ. ಅರಮನೆಯಲ್ಲಿ ಊಟಕ್ಕೆ ಕೊರತೆಯಿತ್ತೇ? ಗಾಳಿಯಾಡದ ಕೋಣೆ, ಕಲ್ಲುಕ್ವಾರಿ ಮತ್ತು ಗಣಿಯ ದೂಳು, ಸಕ್ಕರೆ ಕಾಯಿಲೆ, ತಡವಾದ ಪತ್ತೆ, ನಡುವೆ ನಿಂತುಹೋಗುವ ಔಷಧ ಎಲ್ಲಕ್ಕೂ ಅವುಗಳದೇ ಪಾಲಿದೆ. ಆದರೆ 2025ರೊಳಗೆ ಕ್ಷಯ ನಿರ್ಮೂಲನೆ ಎಂದು ಹೊರಟ ದೇಶದಲ್ಲಿ 2015ಕ್ಕೂ 2024ಕ್ಕೂ ನಡುವೆ ಹೊಸ ಪ್ರಕರಣಗಳ ದರ ಲಕ್ಷಕ್ಕೆ 237ರಿಂದ 187ಕ್ಕೆ, ಅಂದರೆ ಶೇ 21ರಷ್ಟು ಇಳಿದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ವರದಿ ಹೇಳುತ್ತದೆ. ಜಗತ್ತಿನ ಸರಾಸರಿಗಿಂತ ಇದು ವೇಗದ ಇಳಿಕೆ. ಗುರಿಯಿದ್ದದ್ದು ಮಾತ್ರ ಶೇ 80. ಉಳಿದ ದೂರವನ್ನು ಮಾತ್ರೆಯೊಂದರಿಂದಲೇ ಕ್ರಮಿಸುತ್ತೇವೆ ಎಂದು ನಂಬಲು ಕಾರಣಗಳು ಕಾಣುತ್ತಿಲ್ಲ.

ತಮಿಳುನಾಡು 2022ರಲ್ಲಿ ಸಣ್ಣ ಕೆಲಸವೊಂದನ್ನು ಶುರುಮಾಡಿತು. ಕ್ಷಯ ಪತ್ತೆಯಾದ ಕೂಡಲೇ ರೋಗಿಯ ಬಿಎಂಐ, ಕಾಲಿನ ಊತ, ಉಸಿರಾಟದ ವೇಗ, ರಕ್ತದ ಆಮ್ಲಜನಕ, ಆಸರೆಯಿಲ್ಲದೆ ನಿಲ್ಲಬಲ್ಲರೇ ಎಂಬುದನ್ನು ನೋಡಿ, ಅಪಾಯದಲ್ಲಿರುವವರನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುವುದು. ಬೇಕಾಗುವ ಸಲಕರಣೆ ಯಾವ ಆರೋಗ್ಯ ಕೇಂದ್ರಕ್ಕೂ ಹೊಸದಲ್ಲ. ಕರ್ನಾಟಕ ಇದಕ್ಕೆ ಇನ್ನೊಂದು ಹೆಜ್ಜೆ ಸೇರಿಸಬಹುದು: ಮನೆಯವರನ್ನು ಕಫ ಪರೀಕ್ಷೆಗೆ ಕರೆದ ದಿನವೇ ಅವರನ್ನೂ ತೂಕಕ್ಕೆ ಹಾಕಿ, ಬಿಎಂಐ 18.5ಕ್ಕಿಂತ ಕೆಳಗಿರುವವರ ಹೆಸರು ಗುರುತಿಸಿಡುವುದು. ರೋಗಿಗಳ ಪಟ್ಟಿ ಆರೋಗ್ಯ ಇಲಾಖೆಯ ನಿಕ್ಷಯ್ ಪೋರ್ಟಲ್‌ನಲ್ಲಿದೆ, ಪಡಿತರ ಚೀಟಿಯ ಪಟ್ಟಿ ಆಹಾರ ಇಲಾಖೆಯಲ್ಲಿದೆ. ಚೀಟಿಯ ಮೇಲೆ ಕ್ಷಯ ಎಂದು ಎಲ್ಲೂ ನಮೂದಾಗದಂತೆ, ಅಂಗಡಿಯವನಿಗೆ 'ಈ ಮನೆಗೆ ಈ ತಿಂಗಳು ಇಷ್ಟು ಬೇಳೆ ಹೆಚ್ಚು' ಎಂದಷ್ಟೇ ಕಾಣುವಂತೆ ಮಾಡುವುದು ತಾಂತ್ರಿಕವಾಗಿ ದೊಡ್ಡ ವಿಷಯವಲ್ಲ. ಎರಡು ಇಲಾಖೆಗಳು ಒಂದೇ ಮೇಜಿಗೆ ಬಂದು ಕೂರಬೇಕು, ಮತ್ತು ತಲೆಗೆ ಒಂದೂವರೆ ಕೆಜಿ ಬೇಳೆಯ ಹಣವನ್ನು ಯಾವ ಇಲಾಖೆಯ ಲೆಕ್ಕಶೀರ್ಷಿಕೆಗೆ ಹಾಕಬೇಕು ಎಂಬುದನ್ನು ಆರ್ಥಿಕ ಇಲಾಖೆ ಬಗೆಹರಿಸಬೇಕು.